ಮೂರು ಹೆಸರಿನ ಸ್ನಾನ

"ಸ್ವಾಮಿ, ತ್ರಿತ್ವ ಎಂಬ ಮಾತು ಶ್ರೀಗ್ರಂಥದಲ್ಲಿ ಎಲ್ಲಿದೆ?" ಎಂದು ಇನ್ನಾಸ ಕೇಳಿದ.

"ಎಲ್ಲೂ ಇಲ್ಲ," ಎಂದರು ರಾಯಪ್ಪ ಸ್ವಾಮಿಗಳು.

ಇನ್ನಾಸ ಪಾದ್ರಿಯಾಗಲು ಗುರುಮಠದಲ್ಲಿ ಓದು ಮುಗಿಸಿದ್ದ. ಬರುವ ಭಾನುವಾರ ಅವನಿಗೆ ಗುರುದೀಕ್ಷೆ. ಅಂದು ಬಲಿಪೀಠದ ಮುಂದೆ ನಿಂತು, ದೇವರು ಒಬ್ಬರೇ, ಪಿತ ಸುತ ಪವಿತ್ರಾತ್ಮ ಮೂವರು ಎಂದು ಎಲ್ಲರೆದುರು ಹೇಳಬೇಕು. ನಂಬಿಕೆಯಿಲ್ಲದೆ ಅದನ್ನು ಹೇಳುವುದಕ್ಕಿಂತ ಊರಿಗೆ ಹೋಗಿ ಬೇರೆ ಕೆಲಸ ನೋಡಿಕೊಳ್ಳುವುದೇ ಮೇಲು ಎಂದು ಅವನು ತೀರ್ಮಾನಿಸಿದ್ದ. ಬಟ್ಟೆಬರೆಯನ್ನೂ ಕಟ್ಟಿಟ್ಟಿದ್ದ.

"ಯೇಸುಸ್ವಾಮಿ ಆ ಮಾತು ಆಡಲಿಲ್ಲ. ಅವರ ಶಿಷ್ಯರಾದ ಪ್ರೇಷಿತರು ಬರೆಯಲಿಲ್ಲ. ಎಷ್ಟೋ ತಲೆಮಾರು ಕಳೆದ ಮೇಲೆ ಧರ್ಮಾಧ್ಯಕ್ಷರು ಸಭೆ ಸೇರಿ, ಜಗಳವಾಡಿ ಮಾಡಿಟ್ಟ ಮಾತು ಅದು. ಮನುಷ್ಯರು ಮಾಡಿದ್ದನ್ನು ನಂಬುತ್ತೇನೆ ಅಂತ ನಾನು ಹೇಗೆ ಹೇಳಲಿ?" ಎಂದ ಇನ್ನಾಸ.

"ಇಷ್ಟು ವರ್ಷ ಇಲ್ಲಿ ಉಂಡು, ಓದಿ, ಈ ವಾರ ನಿನಗೆ ಇದು ಹೊಳೆಯಿತಲ್ಲ, ಸಂತೋಷ," ಎಂದರು ಸ್ವಾಮಿಗಳು. "ಕೂತುಕೋ. ನೀರು, ಮಂಜುಗಡ್ಡೆ, ಆವಿ ಮೂರೂ ಒಂದೇ ಎಂದು ಮಕ್ಕಳ ಪಾಠ ಶುರುಮಾಡುತ್ತೇನೆಂದು ಹೆದರಬೇಡ. ಒಂದು ಕತೆ ಹೇಳುತ್ತೇನೆ. ನಡೆದದ್ದೇ ಎಂದು ಮಾತ್ರ ಕೇಳಬೇಡ."

ಬಹಳ ಹಿಂದೆ, ಆ ಮಾತು ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಕಡಲ ತೀರದ ಒಂದು ಪಟ್ಟಣದಲ್ಲಿ ನಮ್ಮವರ ಸಣ್ಣ ಗುಂಪೊಂದಿತ್ತು. ಅವರಿಗೆ ಗುಡಿ ಇರಲಿಲ್ಲ. ಒಬ್ಬ ವಿಧವೆಯ ಮನೆಯಲ್ಲಿ ಸೇರುತ್ತಿದ್ದರು. ಹಿತ್ತಿಲಲ್ಲಿ ಒಂದು ನೀರಿನ ತೊಟ್ಟಿ ಇತ್ತು. ಹೊಸದಾಗಿ ನಂಬಿ ಬಂದವರನ್ನು ಅದರಲ್ಲಿ ಇಳಿಸಿ, ಪಿತನ ಹೆಸರು ಹೇಳಿ ಒಮ್ಮೆ, ಸುತನ ಹೆಸರು ಹೇಳಿ ಒಮ್ಮೆ, ಪವಿತ್ರಾತ್ಮರ ಹೆಸರು ಹೇಳಿ ಒಮ್ಮೆ ಮುಳುಗಿಸುತ್ತಿದ್ದರು. ಇದೇ ಅವರ ದೀಕ್ಷಾಸ್ನಾನ. ಮೇಲೆ ಬಂದವರಿಗೆ ಹಾಲು ಜೇನು ಕೊಡುತ್ತಿದ್ದರು. ಇದನ್ನು ಅವರಿಗೆ ಅವರ ಹಿರಿಯರು ಕಲಿಸಿದ್ದರು, ಆ ಹಿರಿಯರಿಗೆ ಅವರ ಹಿರಿಯರು. ಯಾಕೆ ಮೂರು ಎಂದು ಯಾರೂ ಕೇಳಿರಲಿಲ್ಲ.

ಅದೇ ಜನ ದಿನಾ ಬೆಳಗ್ಗೆ, ದೇವರು ಒಬ್ಬರೇ ಎಂದು ಹೇಳಿಕೊಳ್ಳುತ್ತಿದ್ದರು. ಹಾಗೆ ಹೇಳಿದ ಬಾಯಲ್ಲೇ ಯೇಸುಸ್ವಾಮಿಗೆ ಹಾಡು ಹಾಡುತ್ತಿದ್ದರು. ಸತ್ತು ಎದ್ದು ಬಂದ ಅವರನ್ನು ಕಂಡ ಮೊದಲ ಹಿರಿಯರಿಗೆ ಕೈಮುಗಿಯದೆ ಇರಲಾಗಿರಲಿಲ್ಲ. ಯೇಸುಸ್ವಾಮಿ ಕಣ್ಣಿಗೆ ಮರೆಯಾದ ಮೇಲೂ ಒಳಗಿನಿಂದ ಯಾರೋ ಧೈರ್ಯ ಕೊಡುತ್ತಿದ್ದರು. ಅದು ದೇವರೇ ಎಂದು ಕಂಡಿತು, ಆ ಪವಿತ್ರಾತ್ಮರಿಗೂ ಕೈಮುಗಿದರು. ಇವೆಲ್ಲ ಒಟ್ಟಿಗೆ ಹೇಗೆ ನಿಲ್ಲುತ್ತವೆ ಎಂದು ಯೋಚಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಪಟ್ಟಣದ ವಿಗ್ರಹಗಳಿಗೆ ಧೂಪ ಹಾಕದ ತಪ್ಪಿಗೆ ಕಾವಲಿನವರು ಆಗಾಗ ಬಂದು ಹಿಡಿದೊಯ್ಯುತ್ತಿದ್ದರು.

ಗುಂಪಿಗೆ ಒಬ್ಬ ಹಿರಿಯನಿದ್ದ. ಬುದ್ಧಿವಂತ, ಪ್ರಾಮಾಣಿಕ. ಈ ಎರಡೂ ಒಬ್ಬನಲ್ಲೇ ಸೇರಿದರೆ ಪಾಪ, ಅವನಿಗೆ ನೆಮ್ಮದಿ ಇರುವುದಿಲ್ಲ.

ಒಂದು ದಿನ ಸಂತೆಯಲ್ಲಿ ಒಬ್ಬ ವ್ಯಾಪಾರಿ ಅವನನ್ನು ತಡೆದು ಕೇಳಿದ: "ನಮಗೆ ನೂರು ದೇವರು ಅಂತ ನಗ್ತೀರಲ್ಲ, ನಿಮಗೂ ಮೂರು ಇದ್ದಾವಂತೆ? ಚೌಕಾಸಿ ಮಾಡಿ ಇಳಿಸಿಕೊಂಡ್ರೋ?" ಸುತ್ತ ನಿಂತವರು ನಕ್ಕರು. ಹಿರಿಯನಿಗೆ ಉತ್ತರ ಹೊಳೆಯಲಿಲ್ಲ. ನಾಚಿಕೆಯಾಯಿತು.

ಅವನು ಯೋಚನೆ ಮಾಡಿ, ದೇವರು ಒಬ್ಬರೇ, ಮೂರು ವೇಷ ಹಾಕಿ ಬಂದರು ಎಂದು ಬೋಧಿಸತೊಡಗಿದ. ಜನಕ್ಕೆ ಹಿಡಿಸಿತು. ಆದರೆ ಮನೆಯೊಡತಿ ವಿಧವೆ ಕೇಳಿದಳು, ಹಾಗಾದರೆ ಯೇಸುಸ್ವಾಮಿ ಸಾಯುವ ಮುಂಚೆ ತೋಟದಲ್ಲಿ ಮೊಣಕಾಲೂರಿ, ಬೆವರು ಸುರಿಸಿ, ಅಪ್ಪಾ ಎಂದು ಬೇಡಿಕೊಂಡರಲ್ಲ, ಅದು ಯಾರನ್ನು, ತಮ್ಮನ್ನು ತಾವೇ? ಹಿರಿಯ ಆ ಬೋಧನೆಯನ್ನು ಅಲ್ಲಿಗೇ ಬಿಟ್ಟ. ಪ್ರಾಮಾಣಿಕ ಎಂದು ನಾನು ಆಗಲೇ ಹೇಳಿದೆನಲ್ಲ.

ಆಮೇಲೆ ಬೇರೆ ದಾರಿ ಹಿಡಿದ. ಪಿತ ಮಾತ್ರ ದೇವರು. ಸುತ, ಅಂದರೆ ಯೇಸುಸ್ವಾಮಿ, ಆ ದೇವರು ಸೃಷ್ಟಿಸಿದವರಲ್ಲಿ ಮೊದಲಿಗರು, ಎಲ್ಲರಿಗಿಂತ ದೊಡ್ಡವರು, ಆದರೂ ಸೃಷ್ಟಿಯೇ. ಪವಿತ್ರಾತ್ಮರು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ. ಇದರಲ್ಲಿ ಎಲ್ಲೂ ತೊಡಕಿರಲಿಲ್ಲ. ವ್ಯಾಪಾರಿಯೂ ಕೇಳಿ ತಲೆದೂಗಿದ. ಹಾಗೆ ನಂಬಿದ ಮೇಲೆ, ಸೃಷ್ಟಿಯಾದವರ ಹೆಸರು ಹೇಳಿ ಯಾರನ್ನೂ ದೇವರಿಗೆ ಒಪ್ಪಿಸುವಂತಿಲ್ಲ ಎಂದು ಹಿರಿಯನಿಗೆ ಕಂಡಿತು. ಇನ್ನು ಮುಂದೆ ಒಬ್ಬ ದೇವರ ಹೆಸರಿನಲ್ಲಿ ಒಂದೇ ಸಲ ಮುಳುಗಿಸುವುದು ಎಂದು ಕಟ್ಟಳೆ ಮಾಡಿದ. ಕೆಲವರು ಗೊಣಗಿದರು. ಅವನ ಮೇಲಿನ ಗೌರವದಿಂದ ಸುಮ್ಮನಾದರು.

"ಅವನು ಮಾಡಿದ್ದು ಸರಿಯಾಗಿಯೇ ಇದೆಯಲ್ಲ," ಎಂದ ಇನ್ನಾಸ.

"ಬಹಳ ಸರಿಯಾಗಿದೆ. ಮುಂದೆ ಕೇಳು," ಎಂದರು ಸ್ವಾಮಿಗಳು.

ಹೊಸ ಕಟ್ಟಳೆಯ ಪ್ರಕಾರ ಮೊದಲು ತೊಟ್ಟಿಗೆ ಇಳಿದವಳು ಒಬ್ಬ ಕುಂಬಾರನ ಮಗಳು. ಸಣ್ಣ ಹುಡುಗಿ. ದೊಡ್ಡವರ ಸ್ನಾನವನ್ನೆಲ್ಲ ನೋಡಿದ್ದವಳು. ಒಮ್ಮೆ ಮುಳುಗಿ ಎದ್ದವಳು ಮೂಗು ಹಿಡಿದುಕೊಂಡು ನೀರಿನಲ್ಲೇ ಕಾದು ನಿಂತಳು. "ಮುಗೀತಮ್ಮ, ಬಾ," ಎಂದ ಹಿರಿಯ. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕು ಹಾಲು ಜೇನು ಕುಡಿದಳು.

ಅವಳ ತಾಯಿ ಅಲ್ಲಿರಲಿಲ್ಲ. ಹಿಂದಿನ ವರ್ಷ ಕಾವಲಿನವರು ತಾಯಿಯನ್ನು ಹಿಡಿದೊಯ್ದಿದ್ದರು. ವಿಗ್ರಹದ ಮುಂದೆ ಒಂದು ಚಿಟಿಕೆ ಧೂಪ ಹಾಕು, ಬಿಟ್ಟುಬಿಡುತ್ತೇವೆ ಎಂದರು. ಅವಳು ಹಾಕಲಿಲ್ಲ. ಸೆರೆಯಲ್ಲೇ ಸತ್ತಳು. ಕಡೆಯವರೆಗೂ ಅವಳ ಬಾಯಲ್ಲಿದ್ದದ್ದು ತೊಟ್ಟಿಯಲ್ಲಿ ಕೇಳಿಸಿಕೊಂಡ ಆ ಮೂರು ಹೆಸರುಗಳೇ ಎಂದು ಜೊತೆಯಲ್ಲಿದ್ದವರು ಬಿಡುಗಡೆಯಾಗಿ ಬಂದು ಹೇಳಿದ್ದರು.

ಕೆಲವು ತಿಂಗಳ ಮೇಲೆ ಹುಡುಗಿ ಜ್ವರ ಬಂದು ಮಲಗಿದಳು. ವೈದ್ಯ ಕೈಬಿಟ್ಟ. ಕುಂಬಾರ ಹಿರಿಯನ ಮನೆಗೆ ಓಡಿಬಂದ. ಕೈಯಲ್ಲಿ ಹಸಿಮಣ್ಣು ಹಾಗೆಯೇ ಇತ್ತು.

"ಅಯ್ಯಾ, ಇವಳಮ್ಮನಿಗೆ ಮೂರು ಹೆಸರು ಹೇಳಿದ್ರಿ, ಇವಳಿಗೆ ಒಂದು. ಸತ್ತಮೇಲೆ ಇಬ್ಬರೂ ಒಂದೇ ಕಡೆ ಸೇರ್ತಾರಾ? ಅಷ್ಟು ಹೇಳಿಬಿಡಿ."

"ಸೇರ್ತಾರಪ್ಪ, ಯಾಕೆ ಸೇರೋದಿಲ್ಲ," ಎಂದ ಹಿರಿಯ.

"ಹೇಗೆ ಸೇರ್ತಾರೆ? ಅವಳು ಸುಳ್ಳು ಹೆಸರು ನಂಬಿಕೊಂಡು ಸತ್ತಳೋ, ಇಲ್ಲ ಇವಳಿಗೆ ನೀವು ಕೊಡಬೇಕಾದ್ದು ಕೊಡಲಿಲ್ಲವೋ? ಎರಡರಲ್ಲಿ ಒಂದು ಹೇಳಿ ಅಯ್ಯಾ. ಮಗು ಕೇಳ್ತಾ ಇದೆ, ಅಮ್ಮ ಸಿಗ್ತಾಳಾ ಅಂತ."

ಆ ತಾಯಿಯನ್ನು ಮುಳುಗಿಸಿದವನು ಹಿರಿಯನೇ. ಆ ಹೆಸರುಗಳನ್ನು ಅವಳಿಗೆ ಕೊಟ್ಟವನು ಅವನೇ. ಹೊಸ ಬೋಧನೆ ನಿಜವಾಗಿದ್ದರೆ ಅವಳು ದೇವರಲ್ಲದವರನ್ನು ದೇವರೆಂದು ಕರೆಯುತ್ತಾ ಪ್ರಾಣ ಬಿಟ್ಟಳು. ಹಾಗಾದರೆ ಆ ಚಿಟಿಕೆ ಧೂಪ ಹಾಕಿ ಮನೆಗೆ ಬಂದು ಮಗುವನ್ನು ಸಾಕಬಹುದಿತ್ತು. ಸಂತೆಯ ವ್ಯಾಪಾರಿಗೆ ಉತ್ತರ ಹುಡುಕುತ್ತಿದ್ದಾಗ ಅವಳ ನೆನಪೇ ಅವನಿಗೆ ಆಗಿರಲಿಲ್ಲ.

ಅವನು ಕುಂಬಾರನ ಹಿಂದೆ ಹೋದ. ಹುಡುಗಿಯನ್ನು ತೊಟ್ಟಿಯವರೆಗೆ ಎತ್ತಿಕೊಂಡು ಹೋಗುವಂತಿರಲಿಲ್ಲ. ಒಂದು ಕೊಡ ನೀರು ತರಿಸಿಕೊಂಡು ಹಾಸಿಗೆಯ ಪಕ್ಕ ಕೂತ. ಕೂತೇ ಇದ್ದ. ಸ್ನಾನ ಒಬ್ಬರಿಗೆ ಒಂದೇ ಸಲ, ಎರಡನೆಯದು ಇಲ್ಲ ಎಂಬುದು ಹಳೆಯ ನಿಯಮ. ಈಗ ನೀರು ಹೊಯ್ದರೆ, ತಾನು ಅಂದು ಮಾಡಿಸಿದ್ದು ಸ್ನಾನವೇ ಅಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡಂತಾಗುತ್ತದೆ. ಹೊಯ್ಯದಿದ್ದರೆ ಮಗು ಹೀಗೇ ಹೋಗಬೇಕಾಗುತ್ತದೆ. ಮೂರು ಹೇಗೆ ಒಂದು ಎಂಬುದು ಸಂತೆಯಲ್ಲಿ ಗೊತ್ತಿರಲಿಲ್ಲ, ಇಲ್ಲಿಯೂ ಗೊತ್ತಾಗಲಿಲ್ಲ. ಅವನಿಗೆ ಅಳು ಬಂತು.

ಕಡೆಗೆ ನೀರು ಹೊಯ್ದ. ಮೂರು ಹೆಸರನ್ನೂ ಹೇಳಿದ. "ಅಮ್ಮ ಸಿಗ್ತಾಳೆ," ಎಂದು ಹುಡುಗಿಗೆ ಹೇಳಿದ. ಅಂದು ಸಂಜೆ ಅವಳು ತೀರಿಕೊಂಡಳು. ಕುಂಬಾರ ತುಂಬಾ ಅತ್ತ. ಆದರೆ ಹಿರಿಯನನ್ನು ಮತ್ತೆ ಏನೂ ಕೇಳಲಿಲ್ಲ.

ಮುಂದಿನ ಸಲ ಜನ ಸೇರಿದಾಗ ಹಿರಿಯ ಎದ್ದು ನಿಂತು ಹೇಳಿದ: "ನನ್ನ ಯೋಚನೆಗೆ ಸರಿಹೋಗಲಿ ಅಂತ ಸ್ನಾನವನ್ನು ಕತ್ತರಿಸಿದೆ. ತಪ್ಪಾಯಿತು. ಇನ್ನು ಈ ಸ್ನಾನಕ್ಕೆ ಸರಿಹೋಗುವ ಮಾತು ಹುಡುಕಬೇಕು. ನನ್ನ ಹತ್ತಿರ ಅದು ಇಲ್ಲ." ವ್ಯಾಪಾರಿಗೆ ಸುದ್ದಿ ತಿಳಿದು ಮತ್ತೆ ಕೆಣಕಿದ. ಹಿರಿಯ ಮತ್ತೆ ಉತ್ತರ ಕೊಡಲಿಲ್ಲ, ಈ ಸಲ ಅವನಿಗೆ ನಾಚಿಕೆಯೂ ಆಗಲಿಲ್ಲ.

ಬೇರೆ ಊರುಗಳಲ್ಲೂ ಇದೇ ತೊಡಕು ಎದ್ದಿತ್ತು. ಸಭೆಗಳಾದವು. ದೊಡ್ಡ ದೊಡ್ಡವರು ಬೈದಾಡಿಕೊಂಡರು. ಅರಸರು ನಡುವೆ ಕೈಹಾಕಿ ಇನ್ನಷ್ಟು ಕೆಡಿಸಿದರು. ಕೆಲವರು ಗಡೀಪಾರಾದರು. ಬಹಳ ವರ್ಷಗಳ ಮೇಲೆ, ಮೂವರಲ್ಲಿ ಯಾರನ್ನೂ ಬಿಡದೆ, ದೇವರು ಒಬ್ಬರೇ ಎಂಬುದನ್ನೂ ಬಿಡದೆ ಹೇಳುವ ಕೆಲವು ಮಾತುಗಳು ಸಿಕ್ಕವು. ಅವು ಯಾರಿಗೂ ಪೂರ್ತಿ ತೃಪ್ತಿ ಕೊಡಲಿಲ್ಲ. ಅಷ್ಟು ಹೊತ್ತಿಗೆ ಹಿರಿಯ ಸತ್ತು ಬಹಳ ಕಾಲವಾಗಿತ್ತು.

ಸ್ವಾಮಿಗಳು ಕತೆ ನಿಲ್ಲಿಸಿದರು.

"ಅಂದರೆ ಆ ಮಾತು ಮಾಡಿದವರು ಮನುಷ್ಯರೇ ಎಂದಾಯಿತಲ್ಲ, ಸ್ವಾಮಿ?" ಎಂದ ಇನ್ನಾಸ.

"ಮನುಷ್ಯರೇ," ಎಂದರು ರಾಯಪ್ಪ ಸ್ವಾಮಿಗಳು. "ಆ ಮಗುವಿನ ಪಕ್ಕ ನೀನು ಕೂತಿದ್ದರೆ ಯಾವ ಹೆಸರನ್ನು ಬಿಡುತ್ತಿದ್ದೆ?"