ಮೂರು ಹಿಡಿ ಸಕ್ಕರೆ

“ಅರ್ಧ ಸೇರ ಹಿಟ್ಟು, ಮೂರ ಹಿಡಿ ಸಕ್ರಿ, ಒಂದ ವಾಟಗಾ ಬೆಣ್ಣಿ. ಬೆಣ್ಣಿ ಕರಗಸಬ್ಯಾಡ್ರಿ ಮತ್ತ.”

ನಿಂಬೆವ್ವ ಗಂಡನಿಗೆ ಹೇಳಿದ ಕೊನೆಯ ಮಾತು ಇದು.

ಅವಳು ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಅವತ್ತು ಬಿಸ್ಕೀಟು ತಿನ್ನಬೇಕು ಅನಿಸಿತು. ಅಂಗಡಿಯದಲ್ಲ. ಹಬ್ಬಕ್ಕೆ ತಾನೇ ಮಾಡುತ್ತಿದ್ದದ್ದು, ಮೇಲೆ ಸಕ್ಕರೆ ಸವರಿದ್ದು. ಏಳಲು ಆಗಲಿಲ್ಲ.

ಅಡಿವೆಪ್ಪ, “ಹೇಳು, ನಾ ಮಾಡ್ತೀನಿ” ಅಂದ. ಅವಳು ಹೇಳಿದಳು. ಅವನು ಹಿಟ್ಟು ತರಲು ಹೋದ.

ಬರುವಷ್ಟರಲ್ಲಿ ಅವಳು ಇರಲಿಲ್ಲ.

ದಿನಕರ್ಮ ಮುಗಿಯಿತು. ನೆಂಟರು ಹೋದರು. ತಂದ ಹಿಟ್ಟು ಚೀಲದಲ್ಲೇ ಇತ್ತು. ಅಡಿವೆಪ್ಪ ಒಲೆ ಹಚ್ಚಿದ.

ಅವಳು ಮಾಡುತ್ತಿದ್ದ ಹಾಗೆಯೇ ಮಾಡಿದ. ಬೋಗಾಣಿಯ ತಳಕ್ಕೆ ಉಸುಕು ಹಾಕಿ ಕಾಯಿಸಿದ. ಉಸುಕಿನ ಮೇಲೆ ತಾಟು ಇಟ್ಟ, ತಾಟಿನಲ್ಲಿ ಬಿಸ್ಕೀಟು ಜೋಡಿಸಿದ, ಮುಚ್ಚಿದ. ತೆಗೆದು ನೋಡಿದರೆ ಎಲ್ಲವೂ ಕರಗಿ ಹರಡಿ, ಒಂದಕ್ಕೊಂದು ಅಂಟಿ, ಒಂದೇ ರೊಟ್ಟಿಯಾಗಿತ್ತು.

ಮರುದಿನ ಮತ್ತೆ ಮಾಡಿದ. ಹಾಗೇ ಆಯಿತು. ಅದರ ಮರುದಿನವೂ ಅಷ್ಟೇ.

ಏಳನೆಯ ಸಲದ್ದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊಳೆದಂಡೆಯ ಆಶ್ರಮಕ್ಕೆ ಹೋದ. ಹತ್ತು ವರ್ಷದ ಹಿಂದೆ ಆ ಆಶ್ರಮದ ಗೋಡೆ ಕಟ್ಟಲು ಬಂದ ಗೌಂಡಿ ಅವನು. ಗೋಡೆ ಮುಗಿದ ಮೇಲೂ ಅಲ್ಲಿಯ ಸ್ವಾಮಿಗಳಾದ ಅಜ್ಜನ ಮಾತು ಕೇಳಲು ಬರುತ್ತಲೇ ಇದ್ದ.

ಅಜ್ಜ ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತಿದ್ದರು. ಗಂಟು ಬಿಚ್ಚಿ ನೋಡಿದರು.

“ಏನೋ ತಮ್ಮಾ ಇದು, ಬೆಲ್ಲದ ಹೆಂಟಿ?”

“ಬಿಸ್ಕೀಟ್ರಿ.”

ಅಜ್ಜ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು.

“ನನಗ ಉಳದದ್ದು ನಾಕ ಹಲ್ಲು. ನಾಕೂ ಹಿಡಕೊಂಡ ಕುಂತೈತಿ ಇದು.”

ಅಡಿವೆಪ್ಪ ನಗಲಿಲ್ಲ.

“ಅಕಿ ಹೇಳಿದಂಗ ಮಾಡೀನ್ರಿ ಅಜ್ಜಾರ. ಒಂದ ಮಾತೂ ಬಿಟ್ಟಿಲ್ಲ. ಏಳ ಸಲ ಆತು. ಆ ರುಚಿ ಬರವಲ್ದು.”

“ಬರದಿದ್ರ ಏನಾತು?”

“ದಿನಾ ಒಂದೀಟು ಮರೀಲಿಕತ್ತೈತ್ರಿ ನಾಲಿಗಿ. ಪೂರಾ ಮರೀತಂದ್ರ, ಅಕಿ ಮತ್ತೊಮ್ಮೆ ಹೋದಂಗ.”

ಅಜ್ಜ ಹೊಳೆಯ ಕಡೆ ನೋಡಿದರು.

“ಏನ ಹೇಳಿದ್ದಳು?”

ಅಡಿವೆಪ್ಪ ಹೇಳಿದ. ಅಕ್ಷರ ತಪ್ಪದ ಹಾಗೆ ಹೇಳಿದ. ಬೆಣ್ಣೆ ಕರಗಿಸಬಾರದು ಅನ್ನುವುದನ್ನೂ ಹೇಳಿದ.

“ಮೂರ ಹಿಡಿ,” ಅಂದರು ಅಜ್ಜ. “ಯಾರ ಹಿಡಿ?”

“ಹಿಡಿ ಅಂದ್ರ ಹಿಡೀನ ಅಲ್ಲೇನ್ರಿ?”

ಅಜ್ಜ ಬಗ್ಗಿ ಒಂದು ಹಿಡಿ ಉಸುಕು ತೆಗೆದು ಮೆಟ್ಟಿಲ ಮೇಲೆ ಸುರಿದರು. “ನೀನೂ ಹಾಕು.”

ಅಡಿವೆಪ್ಪ ಪಕ್ಕದಲ್ಲಿ ತನ್ನದೊಂದು ಹಿಡಿ ಸುರಿದ. ಅವನ ಗುಂಪಿಯ ಪಕ್ಕ ಅಜ್ಜನದು ಆಕಳ ಪಕ್ಕ ಕರು ನಿಂತ ಹಾಗೆ ಕಂಡಿತು.

“ಎರಡೂ ಒಂದೊಂದ ಹಿಡಿ,” ಅಂದರು.

ಅಡಿವೆಪ್ಪ ತನ್ನ ಅಂಗೈ ನೋಡಿಕೊಂಡ. ನಲವತ್ತು ವರ್ಷ ಕಲ್ಲು ಹಿಡಿದ ಕೈ.

ಆಮೇಲೆ ಜೇಬಿನಿಂದ ಒಂದು ಹಸಿರು ಗಾಜಿನ ಬಳೆ ತೆಗೆದ.

“ಅಕೀದ್ರಿ. ಇದರಾಗ ಅಕಿ ಕೈ ಹೋಗತಿತ್ತು. ನನ್ನ ಕೈ ಇದರಾಗ ಹಿಡಿಸಿದ್ರ, ಅಷ್ಟ ಹಿಡಿ ಆಗತೈತ್ರಿ.”

ಬೆರಳು ಕೂಡಿಸಿ ಬಳೆಗೆ ತೂರಿಸಿದ. ಗೆಣ್ಣಿನ ಹತ್ತಿರ ನಿಂತಿತು. ಒತ್ತಿದ. ಚರ್ಮ ಕಿತ್ತು ಬಂತು. ಮತ್ತೆ ಒತ್ತಿದ.

ಅಜ್ಜ ಅವನ ಕೈ ಹಿಡಿದು ಹೊಳೆಗೆ ಇಳಿಸಿದರು. ನೀರಿನಲ್ಲಿ ಮೆಲ್ಲಗೆ ತಿರುಗಿಸಿ ತಿರುಗಿಸಿ ಬಳೆ ಬಿಡಿಸಿದರು. ತಮ್ಮ ಪಂಚೆಯಲ್ಲಿ ಒರೆಸಿ ಅವನ ಜೇಬಿಗೇ ಹಾಕಿದರು.

“ನೀ ಗೌಂಡಿ ಹೌದಲ್ಲೋ?”

“ಹೌದ್ರಿ.”

“ಗಾರಿ ಕಲಸೂಮುಂದ ಸಿಮೆಂಟ್ ಹೆಚ್ಚು ಬಿತ್ತು. ಏನ ಮಾಡ್ತಿ?”

“ಉಸುಕು ಹೆಚ್ಚ ಹಾಕ್ತೀನ್ರಿ.”

“ಸಿಮೆಂಟ್ ತಗಿಯೂದಿಲ್ಲ?”

“ಬೆರತ ಮ್ಯಾಲ ಹೆಂಗ ತಗಿಯಾಕ ಬರತೈತ್ರಿ?”

“ಮತ್ತ?” ಅಂದರು ಅಜ್ಜ.

ಅಡಿವೆಪ್ಪ ಮೆಟ್ಟಿಲ ಮೇಲಿನ ತನ್ನ ಉಸುಕಿನ ಗುಂಪಿ ನೋಡಿದ.

“ಹಿಟ್ಟು ಹೆಚ್ಚ ಹಾಕಬೇಕ್ರಿ.”

“ಹಾಕು.”

“ಹಂಗ ಮಾಡಿದ್ರ ರಾಶಿ ಬಿಸ್ಕೀಟ ಆಗತಾವ್ರಿ. ಮನ್ಯಾಗ ನಾ ಒಬ್ಬನ. ಯಾರ ತಿನ್ನೋರು?”

“ಮೊದಲ ಕಲಸು,” ಅಂದರು ಅಜ್ಜ. “ಆಮ್ಯಾಲ ಕೇಳು.”

ಅವನು ದಾರಿಯಲ್ಲೇ ಇನ್ನೂ ಅರ್ಧ ಸೇರು ಹಿಟ್ಟು ತೆಗೆದುಕೊಂಡ.

ಮಧ್ಯಾಹ್ನ ಕಲಸಲು ಕೂತ. ಅವಳು ಹೇಳಿದ ಲೆಕ್ಕ ಕಡಿಮೆ ಮಾಡಲು ಮನಸ್ಸಾಗದೆ, ಸಕ್ಕರೆ ತನ್ನ ಹಿಡಿಯಲ್ಲೇ ಮೂರು ಹಿಡಿ ಹಾಕಿದ. ಹಿಟ್ಟು ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋದ. ಹಿಟ್ಟು ಬೇಡಿದಷ್ಟು ಬೆಣ್ಣೆಯನ್ನೂ ಹಾಕಿದ. ಕಣ್ಣು ಅಳೆಯಲಿಲ್ಲ, ಕೈ ಅಳೆಯಿತು. ಗಾರೆ ಹದಕ್ಕೆ ಬಂದಾಗ ಕರಣೆಗೆ ತಿಳಿಯುತ್ತದಲ್ಲ, ಹಾಗೆ ಒಂದು ಗಳಿಗೆಯಲ್ಲಿ ಹಿಟ್ಟು ಅಂಗೈ ಬಿಟ್ಟಿತು.

ತಾಟಿನ ಹಿಂದೆ ತಾಟು ಬಿಸ್ಕೀಟು ಬೆಂದವು. ಯಾವುದೂ ಹರಡಲಿಲ್ಲ. ಇಟ್ಟಲ್ಲಿ ಇಟ್ಟ ಹಾಗೆ ನಿಂತವು.

ಸಕ್ಕರೆ ನುಣ್ಣಗೆ ಕುಟ್ಟಿ, ಎರಡು ಚಮಚ ಹಾಲಿನಲ್ಲಿ ಕಲಸಿದ. ಬಿಸ್ಕೀಟು ಪೂರಾ ಆರುವ ತನಕ ಕಾದ. ಆಮೇಲೆ ಒಂದೊಂದಕ್ಕೂ ಸವರಿದ, ಗೋಡೆಗೆ ಸುಣ್ಣ ಬಳಿದ ಹಾಗೆ. ಒಣಗಿದಾಗ ತೆಳ್ಳಗೆ ಹೊಳೆಯಿತು.

ಒಂದು ತಿಂದು ನೋಡಿದ. ಕಣ್ಣು ಮುಚ್ಚಿ ತಿಂದ. ಆಮೇಲೆ ಬುಟ್ಟಿ ತಂದು ಎಲ್ಲವನ್ನೂ ತುಂಬಿದ.

ಮರುದಿನ ಮುಂಜಾನೆ ಬುಟ್ಟಿ ಹೊತ್ತು ಹೊಳೆಗೆ ಹೋದ.

ದಂಡೆಯಲ್ಲಿ ಹರಿಗೋಲು ಕಾಯುವ ಜನ ಕೂತಿದ್ದರು. ಅಡಿವೆಪ್ಪ ಬುಟ್ಟಿ ಇಳಿಸಿದ. ಹತ್ತಿರ ಕೂತ ಮುದುಕಿಗೆ ಒಂದು ಕೊಟ್ಟ.

ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಎಷ್ಟಕ್ಕೊಂದೋ ಯಪ್ಪಾ?”

“ಮಾರಾಕ ತಂದಿಲ್ಲಬೇ. ತಿನ್ನು.”

ಕಚ್ಚಿದಳು. “ಛಲೋ ಆಗ್ಯಾವು. ಯಾರ ಮಾಡ್ಯಾರ?”

“ನಾನ. ನಮ್ಮನಿಯಾಕಿ ಹೇಳಿಕೊಟ್ಟಿದ್ದು.”

“ಏನ ಅಕಿ ಹೆಸರು?”

ಅವರ ಕಡೆ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ನಲವತ್ತು ವರ್ಷ ಅವಳನ್ನು ‘ಏ ಇಕಿನ’ ಅಂತಲೇ ಕರೆದಿದ್ದ.

“ನಿಂಬೆವ್ವ,” ಅಂದ.

“ಹೇಳು ನಿಂಬೆವ್ವಗ, ನಾಕು ಮನಿಗೆ ಕಲಿಸಂತ,” ಅಂದು ಮುದುಕಿ ಮೊಮ್ಮಗಳಿಗೂ ಒಂದು ಇಸಕೊಂಡಳು.

ಅವನು ಹೂಂ ಅಂದ. ಕೂತವರಿಗೆಲ್ಲ ಹಂಚಿದ. ಹರಿಗೋಲು ಬಂತು. ಜನ ಬಾಯಾಡಿಸುತ್ತ ಹತ್ತಿದರು. ಅದು ನಡುನೀರಿಗೆ ಹೋಗುವ ತನಕ ನಿಂತು ನೋಡಿದ.

ಆಮೇಲೆ ಉಳಿದದ್ದನ್ನು ತೆಗೆದುಕೊಂಡು ಮೆಟ್ಟಿಲು ಹತ್ತಿದ. ಅಜ್ಜ ಒಂದು ತೆಗೆದುಕೊಂಡು, ನಾಲ್ಕು ಹಲ್ಲಿನಲ್ಲೇ ನಿಧಾನವಾಗಿ ತಿಂದರು.

“ಅಜ್ಜಾರ,” ಅಂದ ಅಡಿವೆಪ್ಪ, “ಅಕಿ ಮಾಡಿದಂಗ ಆಗಿಲ್ರಿ.”

ಅಜ್ಜ ಬೆರಳಿಗೆ ಹತ್ತಿದ ಸಕ್ಕರೆ ನೆಕ್ಕಿದರು. ಕೈ ಚಾಚಿದರು.

“ಆಗಿಲ್ಲ,” ಅಂದರು. “ಇನ್ನೊಂದ ಕೊಡು.”