ಬಲಗಡೆ ಬಿದ್ದ ಹೂವು

“ಬುದ್ಧಿ, ಪ್ರಾರ್ಥನೆಯಲ್ಲಿ ಕೂತಾಗ ಒಳಗೆ ಒಂದು ಮಾತು ಕೇಳಿಸುತ್ತದೆ. ಅದು ದೇವರ ಮಾತೋ ನನ್ನ ಮನಸ್ಸಿನ ಮಾತೋ ಎಂದು ತಿಳಿಯುವುದು ಹೇಗೆ?”

ಹೀಗೆ ಕೇಳಿದವನು ಶಿಷ್ಯ ಮರುಳಸಿದ್ಧ. ಗುರುಗಳು ಪೀಠಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹಿರಿಯ ಗುರುಗಳಾಗಿದ್ದರೆ ಇಂಥದ್ದಕ್ಕೆಲ್ಲ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದರು ಎಂದು ಮಠದಲ್ಲಿ ಆಡಿಕೊಳ್ಳುವುದು ಅವರ ಕಿವಿಗೂ ಬಿದ್ದಿತ್ತು.

“ಒಂದು ಕತೆ ಇದೆ” ಎಂದರು. “ಆದರೆ ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಕತೆಗಿಂತ ವಿವರಣೆಯೇ ಹೆಚ್ಚಾಗಿಬಿಡುತ್ತದೆ. ಕೆಟ್ಟರೆ ಹೊಟ್ಟೆಗೆ ಹಾಕಿಕೋ.”

ಮರುಳಸಿದ್ಧ ಮುಂದಕ್ಕೆ ಸರಿದು ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ದೈವಭಕ್ತ. ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ; ಅವನು ನಿಜವಾಗಿಯೂ ಭಕ್ತನೇ. ದೇವರನ್ನು ಕೇಳದೆ ಒಂದು ಡಬ್ಬಿ ಎಣ್ಣೆಯನ್ನೂ ಹೊರಗೆ ಕಳಿಸುತ್ತಿರಲಿಲ್ಲ. ಅವನಿಗೆ ಒಬ್ಬಳೇ ತಂಗಿ. ತಾಯಿ ತೀರಿಕೊಂಡ ದಿನ ಅಣ್ಣ ತಂಗಿಯರ ನಡುವೆ ಒಂದು ಮಾತು ಬಂತು. ಯಾವ ಮಾತು ಎಂಬುದು ನಮಗೆ ಬೇಡ. ಅವತ್ತಿನಿಂದ ಒಬ್ಬರ ಹೊಸಿಲನ್ನು ಇನ್ನೊಬ್ಬರು ತುಳಿಯಲಿಲ್ಲ.

ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ಮದುಮಗಳನ್ನು ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ನಿನಗೆ ಇದು ಗೊತ್ತಿರುವುದೇ. ಕತೆ ನಿಂತಿರುವುದೇ ಅದರ ಮೇಲೆ, ಅದಕ್ಕೇ ಹೇಳಿದೆ. ತಂಗಿ ತಾನೇ ಬಂದು ಬಾಗಿಲಲ್ಲಿ ನಿಂತಳು.

“ಅಣ್ಣ, ನೀನು ಬರಬೇಕು. ಸೋದರಮಾವನನ್ನು ನಾನು ಬೇರೆ ಎಲ್ಲಿಂದ ತರಲಿ?”

“ದೇವರನ್ನು ಕೇಳಿ ಹೇಳುತ್ತೇನೆ” ಎಂದ ವ್ಯಾಪಾರಿ.

“ನನ್ನ ಮಾತನ್ನಂತೂ ಎಂದೂ ಕೇಳಿದವನಲ್ಲ. ಅವನ ಮಾತನ್ನಾದರೂ ಕೇಳು” ಎಂದು ತಂಗಿ ಹೊರಟುಹೋದಳು.

ಆ ಊರಿನಲ್ಲಿ ದೇವರನ್ನು ಕೇಳುವುದೆಂದರೆ ಹೂವು ಕೇಳುವುದು. ಪೂಜಾರಿ ಮೂರ್ತಿಯ ಎರಡು ಭುಜಗಳಿಗೂ ಒದ್ದೆ ಹೂವು ಅಂಟಿಸುತ್ತಾನೆ. ಭಕ್ತ ಕಣ್ಣು ಮುಚ್ಚಿ ಮನಸ್ಸಿನಲ್ಲಿರುವುದನ್ನು ನಿವೇದಿಸಿಕೊಳ್ಳುತ್ತಾನೆ. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಬಲ ಎಂದರೆ ದೇವರ ಬಲ, ಎದುರಿಗೆ ನಿಂತ ನಮ್ಮ ಬಲವಲ್ಲ.

ತಂಗಿಯ ಮನೆಗೆ ಹೋಗಲೇ ಎಂದು ವ್ಯಾಪಾರಿ ಕೇಳಿದ. ಬಲಗಡೆಯ ಹೂವು ಬಿತ್ತು.

“ಗಾಳಿ ಬೀಸಿತು” ಎಂದ. ಪೂಜಾರಿ ಬಾಗಿಲು ಹಾಕಿ ಮತ್ತೆ ಹೂವಿಟ್ಟ. ಮತ್ತೆ ಬಲಗಡೆಯದೇ ಬಿತ್ತು. ಹೂವಿನ ತೊಟ್ಟು ಭಾರವಾಗಿತ್ತು ಎಂದ. ಮರುದಿನ ತಾನೇ ಆರಿಸಿದ ಹೂವು ತಂದ. ಅದೂ ಬಲಗಡೆಗೇ ಬಿತ್ತು.

“ಯಜಮಾನರೇ, ಸ್ವಾಮಿಗೆ ಎಡಭುಜವೂ ಇದೆ” ಎಂದ ಪೂಜಾರಿ. “ಬೇಡ ಅನ್ನುವುದಾದರೆ ನಿಮ್ಮ ಹತ್ತಿರ ಅವನಿಗೆ ಏನು ದಾಕ್ಷಿಣ್ಯ?”

“ದೇವರ ಮಾತೇ ಎಂದು ಗಟ್ಟಿಯಾಗದೆ ಹೆಜ್ಜೆ ಇಡಬಾರದಲ್ಲ” ಎಂದ ವ್ಯಾಪಾರಿ.

ಅವನಿಗೆ ಹೋಗುವ ಆಸೆ ಇರಲಿಲ್ಲ ಎಂದು ನೀನು ತಿಳಿಯಬಾರದು. ಹುಡುಗಿಗೆಂದು ಒಳ್ಳೆಯ ಸೀರೆ ತಂದಿಟ್ಟಿದ್ದ. ಆದರೆ ತಂಗಿಯೇ ಬಂದು ಕರೆದಿದ್ದರೂ, ಹೋದರೆ ತಲೆ ಬಾಗಿಸಿದವನು ತಾನಾಗುತ್ತೇನಲ್ಲ ಎಂಬುದೊಂದು ಇತ್ತು. ಅದನ್ನು ಅವನು ದೇವರ ಮುಂದೆಯೂ ಬಾಯಿ ಬಿಟ್ಟು ಹೇಳಲಿಲ್ಲ. ದಿನವೂ ಬಂದ, ದಿನವೂ ಕೇಳಿದ.

ಮದುವೆಯ ದಿನ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಗುಡಿಗೆ ಬಂದ. ಕೊನೆಯ ಸಲ ಎಂದು ಕೇಳಿದ. ಅವತ್ತು ಹೂವು ಬೀಳಲು ತಡವಾಯಿತು. ಬಿದ್ದದ್ದು ಎಡಗಡೆಯದು. ವ್ಯಾಪಾರಿಯ ಎದೆ ಹಗುರವಾಯಿತು.

“ನೋಡಿದಿರಾ ಪೂಜಾರಪ್ಪ? ಕೊನೆಗೂ ನಿಜ ಹೇಳಿದ. ಬೇಡವಂತೆ.”

ಪೂಜಾರಿ ಬಿದ್ದ ಹೂವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ. “ಹೌದು ಯಜಮಾನರೇ. ಮುಹೂರ್ತ ಮೀರಿತು. ಈಗ ಹೋಗಿ ಏನು ಮಾಡುತ್ತೀರಿ?”

ಆ ಹುಡುಗಿಯನ್ನು ಹಸೆಗೆ ಕರೆತಂದವಳು ಅವಳ ತಾಯಿಯೇ.

ಗುರುಗಳು ನಿಲ್ಲಿಸಿದರು. ಮರುಳಸಿದ್ಧನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

“ಆದರೆ ಬುದ್ಧಿ, ಮೊದಲನೆಯ ಸಲ ನಿಜವಾಗಿ ಗಾಳಿಯೇ ಬೀಸಿದ್ದಿರಬಹುದಲ್ಲ?”

“ಬೀಸಿದ್ದಿರಬಹುದು. ಅದನ್ನು ಬಿಡಿಸಿ ಹೇಳುತ್ತೇನೆ” ಎಂದು ಗುರುಗಳು ನೆಟ್ಟಗೆ ಕೂತರು. “ಗಾಳಿ ಎನ್ನುವುದು ಬೇರೆ, ದೇವರ ಮಾತು ಎನ್ನುವುದು ಬೇರೆ ಎಂದು ಇಟ್ಟುಕೊಳ್ಳೋಣ. ಆಗ ಹೂವು ಬಿದ್ದದ್ದು ಯಾವುದರಿಂದ ಎಂದರೆ, ಅದರಲ್ಲಿ ಎರಡು ಬಗೆ. ಒಂದನೆಯದು…”

“ಬುದ್ಧಿ, ಪಂಕ್ತಿ ಕೂತಿದೆ. ಹೊರ ಊರಿನವರು ಹಸಿದು ಬಂದಿದ್ದಾರೆ” ಎಂದು ದಾಸೋಹದ ಮನೆಯಿಂದ ಯಾರೋ ಕೂಗಿದರು.

ಗುರುಗಳು ಅರ್ಧ ಮಾತಿಗೇ ಎದ್ದರು. ಬಾಗಿಲವರೆಗೆ ಹೋದವರು ತಿರುಗಿ ನೋಡಿದರು.

“ಮರುಳಸಿದ್ಧ, ಅದು ಯಾರ ಮಾತು ಎಂದು ನೀನು ವಿಚಾರಿಸಿದೆ, ಅದು ಏನು ಮಾಡು ಎಂದಿತು ಎಂಬುದನ್ನು ಹೇಳಲೇ ಇಲ್ಲ.”

ಮರುಳಸಿದ್ಧ ತಲೆ ತಗ್ಗಿಸಿ ಕೂತ.