ಮೊಸಳೆಗೆ ಉಗುರು ಕೊಟ್ಟ ಶಿಲ್ಪಿ

“ಅಪ್ಪಾವರೇ, ಬಾಳವ್ವನನ್ನು ತಿದ್ದಲೋ, ಊರಿಗೆ ಕಳಿಸಲೋ?” ಎಂದು ಮುರಿಗೆಪ್ಪ ಗುರುಗಳನ್ನು ಕೇಳಿದ.

ಮಠದ ಭಜನಾಮೇಳ ಹಲವು ವರ್ಷಗಳಿಂದ ಮುರಿಗೆಪ್ಪನ ವಶದಲ್ಲಿತ್ತು. ಬಾಳವ್ವ ನೇಕಾರರ ಹೆಂಗಸು. ಮಠ ಸೇರಿ ತಿಂಗಳಾಗಿತ್ತು. ಮಗ್ಗದ ಮುಂದೆ ಕೂತು ಹಾಡು ಕಲಿತವಳು. ನೂಲೆಳೆವ ಲಾಳಿ ಒಮ್ಮೆ ಆಚೆಗೆ ಓಡುವಷ್ಟು ಹೊತ್ತು ಹಾಡನ್ನು ಸಾಲಿನ ನಡುವೆಯೇ ನಿಲ್ಲಿಸಿಬಿಡುತ್ತಿದ್ದಳು. ಆಗೆಲ್ಲ ಉಳಿದವರ ತಾಳ ಎಲ್ಲೋ ಹೋಗುತ್ತಿತ್ತು.

“ಕಂಠ ಚೆನ್ನಾಗಿದೆ,” ಎಂದ ಮುರಿಗೆಪ್ಪ. “ತಿದ್ದಿದರೆ ಎಲ್ಲರ ಹಾಗೆ ಹಾಡಿಯಾಳು. ಒಪ್ಪದಿದ್ದರೆ ಹೋಗಲಿ. ಅವಳಿಗೋ, ಈ ಹಾಡು ಬಿಟ್ಟರೆ ಬೇರೇನೂ ಬೇಡವಂತೆ.”

ಗುರುಗಳು ಕತೆ ಹೇಳಿದರು.

ಒಬ್ಬ ಶಿಲ್ಪಿಯಿದ್ದ. ಹೊಸ ಬಾವಿಯ ಬಳಿ ಇಡಲು ಗಂಗೆಯ ವಿಗ್ರಹ ಬೇಕೆಂದು ಊರವರು ಕೇಳಿದರು. ದೇವಿಯನ್ನು ಕೆತ್ತಿ ಮುಗಿಸಿದ. ಅವಳ ವಾಹನವಾದ ಮೊಸಳೆಗೆಂದು ಒಂದು ಬಂಡೆಯನ್ನು ಸೀಳಿದರೆ, ಒಳಗೆ ಮೊಸಳೆಯೇ ಮಲಗಿತ್ತು. ಉದ್ದ ಮೂತಿ, ಸಾಲು ಹಲ್ಲು, ಬೆನ್ನುಮೂಳೆ, ಎಲ್ಲವೂ ಕಲ್ಲಾಗಿದ್ದವು. ಮುಕ್ಕಾಲು ಕೆಲಸವನ್ನು ದೇವರೇ ಮಾಡಿಟ್ಟಿದ್ದಾನೆ ಎಂದುಕೊಂಡ.

ನೋಡುತ್ತ ನೋಡುತ್ತ ಅವನಿಗೆ ಕಿರಿಕಿರಿಯಾಯಿತು. ಕಾಲುಗಳು ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾಗಿದ್ದವು, ಉಗುರಿರಲಿಲ್ಲ. ಬಾಲದ ತುದಿ ಮುರಿದಂತೆ ಕೆಳಕ್ಕೆ ಬಾಗಿತ್ತು. ಬೆನ್ನಿನ ಮೇಲೆ ಮೊಸಳೆಗಿರುವ ಗಟ್ಟಿ ಚಿಪ್ಪು ಒಂದೂ ಇರಲಿಲ್ಲ. ಊನವಿರುವ ವಿಗ್ರಹ ಪೂಜೆಗೆ ಸಲ್ಲದು. ಅಪ್ಪನಿಂದ ಅವನು ಕಲಿತ ಮೊದಲ ಪಾಠವೇ ಅದು.

“ಇದ್ದ ಹಾಗೇ ಇಟ್ಟರೆ ಗಂಗವ್ವ ಬೇಡ ಅಂತಾಳಾ?” ಎಂದಳು ಹೆಂಡತಿ.

“ಗಂಗವ್ವ ಸುಮ್ಮನಿದ್ದಾಳು. ಊರವರು ಸುಮ್ಮನಿರುತ್ತಾರಾ? ಮೊಸಳೆ ನೋಡದವನು ಕೆತ್ತಿದ್ದು ಅಂತಾರೆ.”

ಶಿಲ್ಪಿ ಉಳಿ ಹಿಡಿದ. ಕಾಲುಗಳನ್ನು ಒಡೆದು ಉಗುರು ಬಿಡಿಸಿದ. ಬಾಗಿದ್ದನ್ನು ಕೆತ್ತಿ ತೆಗೆದು ನೆಟ್ಟನೆಯ ಬಾಲ ಮಾಡಿದ. ಬೆನ್ನಿನ ತುಂಬ ಚಿಪ್ಪು ಮೂಡಿಸಿದ. ಇಷ್ಟು ಮನಸ್ಸಿಟ್ಟು ಅವನು ಹಿಂದೆಂದೂ ಕೆಲಸ ಮಾಡಿರಲಿಲ್ಲ.

ಪ್ರತಿಷ್ಠೆಯ ಹಿಂದಿನ ದಿನ ಒಬ್ಬ ಪಂಡಿತ ಬಂದ. ಕಲ್ಲಾಗಿ ಉಳಿದ ಜೀವಿಗಳನ್ನು ಹುಡುಕುತ್ತ ಅಲೆಯುವವನು. ಬಂಡೆಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು.

“ಆಚಾರ್ರೇ, ನದಿ ಬಿಟ್ಟು ಸಮುದ್ರಕ್ಕಿಳಿದ ಮೊಸಳೆಗಳು ಹಿಂದೆ ಇದ್ದವು. ನನಗೆ ಅವುಗಳ ತಲೆಗಳು ಸಿಕ್ಕಿವೆ. ಈಜಿದ್ದು ಹೇಗೆ ಎಂದು ತಿಳಿಯಬೇಕಾದರೆ ಕಾಲು, ಬಾಲ ನೋಡಬೇಕು. ಅದೊಂದು ಸಿಕ್ಕಿದರೆ ಸಾಕು ಎಂದು ಆಯುಷ್ಯವೆಲ್ಲ ತಿರುಗಿದ್ದೇನೆ.”

“ಇದರಲ್ಲಿ ಇದ್ದವು,” ಎಂದ ಶಿಲ್ಪಿ. “ಊನವಾಗಿದ್ದವು. ಸರಿಮಾಡಿದೆ.”

ಪಂಡಿತ ಆ ಉಗುರುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. “ಕೆಲಸ ಚೆನ್ನಾಗಿದೆ” ಎಂದು ಹೇಳಿ ಹೊರಟುಹೋದ.

ಶಿಲ್ಪಿಗೆ ಹೊಗಳಿಕೆ ಹೊಸದಲ್ಲ. ಈ ಸಲ ಮಾತ್ರ ಅದನ್ನು ಕೇಳಿ ಕೂರಲಾಗಲಿಲ್ಲ. ಕೆತ್ತಿ ಎಸೆದ ಚೂರುಗಳನ್ನು ಹುಡುಕಿಕೊಂಡು ಹೋದ. ಗಾರೆಯವರು ಅವನ್ನು ಬಾವಿಯ ಕಟ್ಟೆಗೆ ತುಂಬಿ ಮುಗಿಸಿದ್ದರು. ಕಾಲುಗಳು ಮೊದಲು ಹೇಗಿದ್ದವು ಎಂದು ನೆಲದ ಮೇಲೆ ಇದ್ದಿಲಿನಿಂದ ಬರೆಯಲು ನೋಡಿದ. ಎಷ್ಟು ಬರೆದರೂ ಅವನ ಕೈಗೆ ಬಂದದ್ದು ಉಗುರಿರುವ ಕಾಲೇ.

ಗುರುಗಳು ಕತೆ ನಿಲ್ಲಿಸಿದರು.

“ವಿಗ್ರಹ ಏನಾಯಿತು?” ಎಂದ ಮುರಿಗೆಪ್ಪ.

“ಪೂಜೆ ನಡೆಯುತ್ತಿದೆ. ನೋಡಿದವರೆಲ್ಲ ಥೇಟ್ ಮೊಸಳೆಯ ಹಾಗೇ ಇದೆ ಎನ್ನುತ್ತಾರೆ.”

ಮುರಿಗೆಪ್ಪನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. “ಆದರೆ ಅಪ್ಪಾವರೇ, ಬಾಳವ್ವ ಕಲ್ಲಲ್ಲವಲ್ಲ. ತಿದ್ದಿದರೆ ಅವಳದೇನು ಹೋಗುತ್ತದೆ? ನಾನೂ ಇಲ್ಲಿ ತಿದ್ದಿಸಿಕೊಂಡವನೇ.”

“ಹೌದಲ್ಲ,” ಎಂದರು ಗುರುಗಳು. “ಇಲ್ಲಿಗೆ ಬಂದ ಹೊಸದರಲ್ಲಿ ಹಾಡುತ್ತಿದ್ದೆಯಲ್ಲ, ಹಾಗೆ ಒಂದು ಸಾಲು ಹಾಡು.”

ಮುರಿಗೆಪ್ಪ ಬಾಯಿ ತೆರೆದ. ಎಷ್ಟು ಸಲ ಎತ್ತಿಕೊಂಡರೂ ಬಂದದ್ದು ಮೇಳದವರೆಲ್ಲ ಹಾಡುವ ಧಾಟಿಯೇ.